ಅಲಗಿನ ಮೇಲಿನ ಗುರುತು: ‘ಆಧಾರಗಳು’ ಪಾಠಕ್ಕೊಂದು ಉದಾಹರಣೆ

ಇತಿಹಾಸದ ‘ಆಧಾರಗಳು’ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಪಟ್ಟಿ ಬರೆಸಿ ಮುಗಿಸುತ್ತಾರೆ: ಶಾಸನ, ನಾಣ್ಯ, ಸ್ಮಾರಕ, ಅವಶೇಷ. ಆಧಾರವೊಂದನ್ನು ಹೇಗೆ ಪ್ರಶ್ನಿಸಬೇಕೆಂಬುದು ಉಳಿದೇ ಹೋಗುತ್ತದೆ. ಅದನ್ನು ಕಲಿಸಲು ಹಳೆಯ ಕತ್ತಿಯ ಅಲಗಿನ ಮೇಲಿನ ಗುರುತು ಒಳ್ಳೆಯ ಉದಾಹರಣೆ.

ಮಂಗಳೂರಿನ ಮಕ್ಕಳಿಗೆ ಸುಲ್ತಾನ್ ಬತ್ತೇರಿ ಗೊತ್ತು, ಟಿಪ್ಪುವಿನಿಂದಲೇ ಆರಂಭಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ ಅನೇಕ ಆಯುಧಗಳು ಬ್ರಿಟನ್ನಿಗೆ ಹೋದವು. ಹುಲಿಪಟ್ಟೆಯ ವಿನ್ಯಾಸ ಅವುಗಳ ಪರಿಚಿತ ಗುರುತು. ಅವನ ಬಂದೂಕುಗಳ ಮೇಲೆ ಮೌಲೂದಿ ವರ್ಷವೂ ಇರುವುದುಂಟು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ರೂಢಿಯಂತೆ ಓದಿದರೆ 1225 ಎಂಬುದು 5221 ಆಗಿಬಿಡುತ್ತದೆ!

ಇದಕ್ಕಿಂತ ತೊಡಕಿನದು ‘ಫಿರಂಗಿ’ ಎಂಬ ಕತ್ತಿ. (ಕನ್ನಡದಲ್ಲಿ ಫಿರಂಗಿ ಎಂದರೆ ತೋಪು, ಎರಡಕ್ಕೂ ಮೂಲ ಯುರೋಪಿಯನ್ನರನ್ನು ಕರೆಯುತ್ತಿದ್ದ ಹೆಸರೇ.) ಇದರ ಹಿಡಿ ಭಾರತದ್ದು, ಅಲಗು ಸಾಮಾನ್ಯವಾಗಿ ಯುರೋಪಿನದು. ಅಲಗಿನ ಮೇಲೆ ಓಡುವ ತೋಳದ ಚಿತ್ರವಿದ್ದರೆ ಜರ್ಮನಿಯ ಪಾಸೌ ಊರಿನದೆಂದು ಹೇಳಿಬಿಡಬಹುದೇ? ಆಗದು. ಅದೇ ತೋಳವನ್ನು ಜೋಲಿಂಗನ್ ಊರಿನ ಕಮ್ಮಾರರೂ ಬಳಸಿದರು. ‘ಆಂಡ್ರಿಯಾ ಫೆರಾರಾ’ 16ನೆಯ ಶತಮಾನದ ಇಟಲಿಯ ಕತ್ತಿಗಾರ; ಅವನ ಕಾಲ ಮುಗಿದ ಮೇಲೂ ಜರ್ಮನಿಯಲ್ಲಿ ಆ ಹೆಸರನ್ನು ಅಲಗುಗಳಿಗೆ ಒತ್ತುತ್ತಿದ್ದರು. ಜಿನೋವಾದ ಹಲ್ಲುಹಲ್ಲಾದ ಅರ್ಧಚಂದ್ರದ ಗುರುತನ್ನು ಭಾರತದಲ್ಲೂ ನಕಲು ಮಾಡಿದ್ದಾರೆ. ಹೆಸರುವಾಸಿ ಗುರುತಿದ್ದರೆ ಮಾಲಿಗೆ ಬೆಲೆ. ಪೇಟೆಯ ಲೆಕ್ಕ ಅಂದೂ ಇದೇ.

ಆದ್ದರಿಂದ ತರಗತಿಯಲ್ಲಿ ಪ್ರಶ್ನೆಗಳನ್ನು ಬಿಡಿಸಿ ಕೇಳಬೇಕು. ಅಲಗು ಎಲ್ಲಿ ತಯಾರಾಯಿತು? ಹಿಡಿ ಎಲ್ಲಿ ಕೂಡಿಸಿದರು? ಹಿಡಿದವರು ಯಾರು? ಗುರುತು ಉತ್ತರಿಸಬಲ್ಲದ್ದು ಮೊದಲನೆಯದಕ್ಕೆ ಮಾತ್ರ, ಅದೂ ಅಲಗಿನ ಆಕಾರ, ಲಿಪಿ, ಒತ್ತಿದ ರೀತಿ ಎಲ್ಲವೂ ತಾಳೆಯಾದರೆ.

ಕತ್ತಿಯನ್ನೇ ತರಗತಿಗೆ ತರುವಂತಿಲ್ಲ. ದೈವಸ್ಥಾನದ ಕಡ್ಸಲೆಯನ್ನು ಪಾಠೋಪಕರಣವಾಗಿಸುವ ಯೋಚನೆಯಂತೂ ಬೇಡವೇ ಬೇಡ. ಮಕ್ಕಳ ಕಿಸೆಯ ನಾಣ್ಯ ಸಾಕು, ಜೊತೆಗೊಂದು ಭೂತಕನ್ನಡಿ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ. ಪತ್ತೆಯ ಸಂಭ್ರಮ ಮುಗಿಯಲಿ. ಆಮೇಲೆ ನಕ್ಷತ್ರ ಸಿಕ್ಕಿದ ಹುಡುಗನನ್ನು ಕೇಳಿ: “ಹಾಗಾದರೆ ನೀನು ಹೈದರಾಬಾದಿನವನಾ?” ತರಗತಿ ನಗುತ್ತದೆ. ನಗು ನಿಂತ ಕೂಡಲೇ ಫಿರಂಗಿಯ ಚಿತ್ರ ತೋರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಉತ್ತರವನ್ನು ನೀವೇ ಹೇಳಿಬಿಡಬೇಡಿ, ಕಾಯಿರಿ. ಅಷ್ಟರಲ್ಲಿ ಯಾರಾದರೂ “ನನ್ನ ನಾಣ್ಯದಲ್ಲಿ ಗುರುತೇ ಇಲ್ಲ” ಎಂದಾರು. ಅದು ಕೋಲ್ಕತ್ತದ್ದು.