ನಕಲು ಸುರುಳಿಯ ಋಣ

ಡೊಂಬಿವಲಿಯ ನಮ್ಮ ಮನೆಯ ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬವೊಂದಿದೆ. ಅದರ ತುಂಬ ಕ್ಯಾಸೆಟ್ಟುಗಳು. ಅವುಗಳಲ್ಲಿ ಒಂದನ್ನಾದರೂ ಅಂಗಡಿಯಲ್ಲಿ ಹಣ ತೆತ್ತು ಕೊಂಡುದಲ್ಲ. ಥಾಣೆಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ನಮ್ಮ ಸೋದರಮಾವನವರು ೧೯೮೦ರ ದಶಕದಲ್ಲಿ ಊರಿಗೆ ಹೋದಾಗಲೆಲ್ಲ, ಯಕ್ಷಗಾನದ ರಂಗಸ್ಥಳದ ಬದಿಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಪದಗಳನ್ನು ನಕಲು ಮಾಡಿಸಿ ತರುತ್ತಿದ್ದರು. ಆ ನಕಲಿನ ನಕಲು ಕಲ್ಯಾಣಕ್ಕೆ, ಅದರ ನಕಲು ವಾಶಿಗೆ. ಪ್ರತಿ ನಕಲಿನಲ್ಲಿಯೂ ಕಂಠವು ಮಸುಕಾಗುತ್ತ, ಸುರುಳಿಯ ಮರ್ಮರವು ಏರುತ್ತ ಹೋಗುತ್ತಿತ್ತು. ಆದರೇನು, ರಾತ್ರಿ ಕದ ಮುಚ್ಚಿದ ಮೇಲೆ ಬೆಂಚುಗಳನ್ನು ಜೋಡಿಸಿ ಮಲಗುವ ಹುಡುಗರಿಗೆ ಊರಿನಿಂದ ಬರುತ್ತಿದ್ದ ಗಾಳಿ ಅದೊಂದೇ.

ಆ ಸುರುಳಿಗಳಲ್ಲಿ ಹೆಚ್ಚಿನವು ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರವು. ೧೯೫೮ರಲ್ಲಿ ಹುಟ್ಟಿದ ನಾವಡರು ೧೯೯೦ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮಾರಾಟದ ಕ್ಯಾಸೆಟ್ಟುಗಳು ಇರಲಿಲ್ಲವೆಂದಲ್ಲ. ಆದರೆ ನಡುರಾತ್ರಿಯ ಆಟದಲ್ಲಿ, ವೇಷಧಾರಿಯ ಎದುರಿನಲ್ಲಿ ಏರಿದ ಆ ಕಂಠವು ಮೂವತ್ತೈದು ವರ್ಷಗಳ ತರುವಾಯವೂ ನಮಗೆ ಕೇಳಿಬರುತ್ತಿದ್ದರೆ, ಅದು ಹೀಗೆ ಅನುಮತಿಯಿಲ್ಲದೆ ಕೈಯಿಂದ ಕೈಗೆ ದಾಟಿದ ನಕಲುಗಳ ಪುಣ್ಯ. ಈಗ ನಮ್ಮ ಮಾವನ ಮಗ ಅವನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿ, ಬೇಡಿದವರ ಮೊಬೈಲಿಗೆ ಕಳುಹಿಸುತ್ತಿರುವನು.

ಇದು ಕಳವೇ? ಧ್ವನಿಮುದ್ರಣ ಕಂಪೆನಿಗಳ ಭಾಷೆಯಲ್ಲಿ ನಕಲೆಂದರೆ ಕಳವೇ. ೧೯೯೯ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಹುಟ್ಟಿ, ಅಪರಿಚಿತರು ಹಾಡುಗಳನ್ನು ಪರಸ್ಪರ ನಕಲಿಸಿಕೊಳ್ಳತೊಡಗಿದಾಗ ಅವು ನ್ಯಾಯಾಲಯಕ್ಕೆ ಹೋಗಿ ೨೦೦೧ರಲ್ಲಿ ಅದನ್ನು ನಿಲ್ಲಿಸಿದುವು. ೨೦೦೩ರಿಂದ ಸಾಮಾನ್ಯ ಕೇಳುಗರ ಮೇಲೆಯೇ ದಾವೆ ಹೂಡಿದುವು. ನಾವಾದರೋ ಆ ಕಾಲದಿಂದಾಚೆಗೆ ಡೊಂಬಿವಲಿ, ಕಲ್ಯಾಣ ಸ್ಟೇಷನ್ನುಗಳ ಹೊರಗಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡು ತುಂಬಿಸಿಕೊಂಡು ನಿಶ್ಚಿಂತೆಯಿಂದ ಲೋಕಲ್ ಗಾಡಿ ಹತ್ತಿದವರು.

ಆದರೆ ಈ ವಾದದಲ್ಲಿ ಹಾಡಿದವನ ಸುದ್ದಿಯೇ ಬರುವುದಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ಕವಿಗೆ, ಸಂಗೀತ ಸಂಯೋಜಕನಿಗೆ, ಮುದ್ರಿಸಿದ ಕಂಪೆನಿಗೆ ಹಕ್ಕು ಕೊಟ್ಟಿತು. ಪ್ರದರ್ಶನ ಕೊಟ್ಟವನಿಗೆ ಏನನ್ನೂ ಕೊಡಲಿಲ್ಲ. ನಟ ದೇವಾನಂದರ ಪ್ರಕರಣದಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವೂ ೧೯೭೮ರಲ್ಲಿ ಹಾಗೆಯೇ ಹೇಳಿತು. ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕು ದೊರೆತುದು ೧೯೯೪ರ ತಿದ್ದುಪಡಿಯಿಂದ. ಮೊದಲು ೨೫ ವರ್ಷ, ೧೯೯೯ರಿಂದ ೫೦ ವರ್ಷ. ತನ್ನ ಸ್ವಂತ ಉಪಯೋಗಕ್ಕೆ ಯಾರಾದರೂ ಮುದ್ರಿಸಿಕೊಂಡರೆ ಆ ಹಕ್ಕಿಗೆ ಭಂಗವಿಲ್ಲವೆಂದೂ ಕಾಯಿದೆಯಲ್ಲಿದೆ. ಹಾಗಾಗಿ ಇಂದು ರಂಗಸ್ಥಳದ ಬದಿಯಲ್ಲಿ ಯಂತ್ರವಿಟ್ಟು ಮನೆಯಲ್ಲಿ ಕೇಳುವವನು ತಪ್ಪಿತಸ್ಥನಲ್ಲ. ಅದನ್ನು ಕಲ್ಯಾಣಕ್ಕೂ ವಾಶಿಗೂ ಹಂಚುವವನ ಮಾತು ಬೇರೆ. ನಾವಡರು ಪದ ಹಾಡಿದುದಲ್ಲದೆ ‘ನಾಗಶ್ರೀ’ಯಂತಹ ಪ್ರಸಂಗವನ್ನೂ ರಚಿಸಿದವರು. ಕರ್ತೃವಿನ ಮರಣಾನಂತರ ೬೦ ವರ್ಷವೆಂಬ ಲೆಕ್ಕದಲ್ಲಿ ಅದರ ಸ್ವಾಮ್ಯವು ೨೦೫೦ರ ಕೊನೆಯವರೆಗೆ ಉಳಿಯುತ್ತದೆ.

ಕೀರ್ತಿಶೇಷ ಭಾಗವತರ, ಎಲ್ಲಿಯೂ ಕೊಳ್ಳಲು ದೊರೆಯದ ಒಂದು ರಾತ್ರಿಯ ಪದವನ್ನು ಹಂಚಿದುದಕ್ಕಾಗಿ ನನಗೆ ಪಶ್ಚಾತ್ತಾಪವಾಗುವುದಿಲ್ಲ. ಹಾಗೆಂದು ಅದೇ ಮಾತನ್ನು ಬದುಕಿರುವ ಕಲಾವಿದನ ಮುಂದೆ ಹೇಳಲು ನಾಲಗೆ ಬಾರದು. ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ನಮ್ಮ ಕಡೆಗೆ ತಿರುಗಾಟ ಬರುವುದು ವಾಚಕರಿಗೆ ತಿಳಿದೇ ಇದೆ. ಊರಿನ ಆಟಗಳಿಲ್ಲದ ಆ ತಿಂಗಳುಗಳಿಗೆ ಈ ಗಳಿಕೆಯೇ ಆಧಾರ. ಸಭಾಗೃಹದಲ್ಲಿ ಮೊಬೈಲು ಎತ್ತಿ ಹಿಡಿದು ಇಡೀ ಆಟವನ್ನು ಆ ಕ್ಷಣವೇ ಊರಿಗೆಲ್ಲ ತೋರಿಸುವ ಮಹನೀಯರನ್ನು ನಾನು ಕಂಡಿದ್ದೇನೆ. ಅಭಿಮಾನದಿಂದಲೇ ಮಾಡುತ್ತಾರೆ, ಸಂದೇಹವಿಲ್ಲ. ಹಿಂದಿನ ಸಾಲಿನ ಖಾಲಿ ಕುರ್ಚಿಗಳನ್ನು ಮಾತ್ರ ಅವರ ಮೊಬೈಲು ತೋರಿಸುವುದಿಲ್ಲ.

ಪ್ರಾಮಾಣಿಕವಾಗಿ ಹಣ ತೆತ್ತು ಕೇಳೋಣವೆಂದರೆ ಅಲ್ಲಿಯೂ ಒಂದು ತೊಡಕು. ಘಣಸೋಲಿಯಲ್ಲಿ ವಿಶಾಲವಾದ ಆವರಣವುಳ್ಳ ಜಿಯೋ ೨೦೧೬ರಲ್ಲಿ ಅಂತರ್ಜಾಲವನ್ನು ಅಗ್ಗವಾಗಿಸಿದ ಬಳಿಕ ಮೆಮೊರಿ ಕಾರ್ಡಿನ ವ್ಯಾಪಾರ ತಾನಾಗಿಯೇ ಸೊರಗಿ, ಚಂದಾ ಕೊಟ್ಟು ಕೇಳುವ ಪದ್ಧತಿ ಬೆಳೆಯಿತು. ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಎಲ್ಲರ ಚಂದಾ ಹಣವನ್ನೂ ಒಂದೇ ರಾಶಿಗೆ ಹಾಕಿ, ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿಗೆ ಎಷ್ಟು ಪಾಲೋ ಅಷ್ಟನ್ನು ಅದರ ಹಕ್ಕುದಾರರಿಗೆ ಹಂಚುವರು. ಅಂದರೆ ಡೊಂಬಿವಲಿಯ ಒಬ್ಬ ಚಂದಾದಾರನು ತಿಂಗಳಿಡೀ ಯಕ್ಷಗಾನದ ಪದಗಳನ್ನಲ್ಲದೆ ಬೇರೇನನ್ನೂ ಕೇಳದಿದ್ದರೂ ಅವನ ಹಣದ ಬಹುಪಾಲು ದೇಶವೆಲ್ಲ ಕೇಳುವ ಸಿನಿಮಾ ಹಾಡಿಗೆ ಸೇರುತ್ತದೆ. ಭಾಗವತರ ಪಾಲು ಪೈಸೆಯ ಲೆಕ್ಕ. ಅದೂ ಕಂಪೆನಿಯ ಕೈ ದಾಟಿದ ಮೇಲೆ. ಅದೇ ಹಣಕ್ಕೆ ಆಟದ ಒಂದು ಟಿಕೇಟು ಕೊಂಡರೆ ಅಷ್ಟು ದೂರದ ಸುತ್ತು ಇಲ್ಲ.

ಮೊನ್ನೆ ಆ ಡಬ್ಬವನ್ನು ಕೆಳಗಿಳಿಸಿ, ಪ್ರತಿ ಸುರುಳಿಯ ಹೆಸರನ್ನೂ ಪಟ್ಟಿ ಮಾಡಲು ಕುಳಿತೆವು. ಮಾವನವರ ಅಕ್ಷರದಲ್ಲಿ ಭಾಗವತರ ಹೆಸರಿದೆ, ಪ್ರಸಂಗದ ಹೆಸರಿದೆ, ಕೆಲವದರ ಮೇಲೆ ತಾರೀಖೂ ಇದೆ. ಚೆಂಡೆಯವರ, ಮದ್ದಳೆಯವರ ಹೆಸರು ಒಂದರ ಮೇಲೂ ಇಲ್ಲ. ಎಂಬತ್ತು ದಾಟಿದ ಮಾವನವರನ್ನು ಕರೆದು ಕೂರಿಸಿ, ಒಂದೊಂದೇ ಸುರುಳಿಯನ್ನು ಹಾಕಿ ಕೇಳಿಸುತ್ತಿದ್ದೇವೆ. ಚೆಂಡೆಯ ನಡೆಯನ್ನು ಕೇಳಿ ಆ ಕೈ ಯಾರದೆಂದು ಅವರು ಊಹಿಸಿ ಹೇಳುತ್ತಿದ್ದಾರೆ. ಇದುವರೆಗೆ ಏಳು ಸುರುಳಿಗಳಾಗಿವೆ.