ಟ್ಯಾಂಕ್ ನೀರು ತಿಳಿಯಾಗಿದೆ ಸರಿ, ಶುದ್ಧವಾಗಿದೆಯಾ?

ಕೊಳವೆಬಾವಿ ಎಷ್ಟು ಅಡಿ, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಇಂಚು ನೀರು ಅಂತ ಕೇಳಿದರೆ ನಮ್ಮ ಕಡೆ ಹುಡುಗರು ಥಟ್ ಅಂತ ಹೇಳ್ತಾರೆ. ಮನೆ ಮೇಲಿನ ಟ್ಯಾಂಕ್ ಯಾವಾಗ ತೊಳೆದದ್ದು ಅಂತ ಕೇಳಿದರೆ ಮಾತ್ರ ಉತ್ತರ ಬರೋದಿಲ್ಲ. ಅಡಿಕೆಗೆ, ದಾಳಿಂಬೆಗೆ ಹೋಗೋ ನೀರಿಗೆ ಫಿಲ್ಟರ್ ಹಾಕಿಸಿರ್ತೀವಿ. ಮನೆಯವರು, ಮಕ್ಕಳು, ದನಕರು ಕುಡಿಯೋ ನೀರು ನಿಲ್ಲೋ ಜಾಗವನ್ನ ಇಣುಕಿ ನೋಡಿರಲ್ಲ. ಈ ವಾರ ಆ ಟ್ಯಾಂಕು, ಸಂಪು, ಪೈಪಿನ ಒಳಗೆ ಬ್ಯಾಕ್ಟೀರಿಯಾ ಹೇಗೆ ಬೆಳೆಯುತ್ತೆ, ಅದನ್ನ ತಡೆಯೋದು ಹೇಗೆ ಅಂತ ಹೇಳ್ತೀನಿ.

ನಮ್ಮೂರಲ್ಲೇ ನಡೆದದ್ದು

2023ರ ಆಗಸ್ಟ್ ಮೊದಲ ವಾರ ಯಾರಿಗೂ ಮರೆತಿರಲಿಕ್ಕಿಲ್ಲ. ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನ ವಾಂತಿ ಭೇದಿಯಿಂದ ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ಅಸ್ವಸ್ಥರ ಸಂಖ್ಯೆ ನೂರು ದಾಟಿತು, ಹಲವರು ಪ್ರಾಣ ಕಳೆದುಕೊಂಡರು. ಮೊದಲು ಎದ್ದದ್ದು ಯಾರೋ ನೀರಿಗೆ ವಿಷ ಬೆರೆಸಿದ್ದಾರೆ ಅನ್ನೋ ಅನುಮಾನ. ಆಮೇಲೆ ಅಸ್ವಸ್ಥರ ಮಾದರಿಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಪತ್ತೆಯಾಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೀರು ನೋಡೋಕೆ ತಿಳಿಯಾಗಿದ್ದರೂ ಅದರಲ್ಲಿ ಕಾಲರಾ ಇರಬಹುದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ಗೊತ್ತಾಗಲ್ಲ. ಸೋಂಕು ತಗುಲಿದ ಕೆಲವೇ ಗಂಟೆಯಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತೆ. ಅಕ್ಕಿ ತೊಳೆದ ನೀರಿನ ಹಾಗೆ ಭೇದಿ ಶುರುವಾದರೆ ಮನೆಯಲ್ಲಿ ಕಾಯ್ತಾ ಕೂರಬಾರದು. ಓಆರ್‌ಎಸ್ ಕುಡಿಸ್ತಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.

ನಿಂತ ನೀರೇ ಸಮಸ್ಯೆ

2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ ನಾವೆಲ್ಲ ಹೋಗಿ ಫೋಟೋ ತೆಗೆಸಿಕೊಂಡು ಬಂದ್ವಿ. ಮಾರಿಕಣಿವೆ ತುಂಬಿದ ಮಾತ್ರಕ್ಕೆ ಮನೆ ನಲ್ಲಿಯಲ್ಲಿ ದಿನವಿಡೀ ನೀರು ಬರೋದಿಲ್ಲ. ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ, ತೋಟದ ಮನೆಗೆ ತ್ರೀಫೇಸ್ ಕರೆಂಟ್ ಇದ್ದಾಗ ಮಾತ್ರ. ಹಾಗಾಗಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲಿ ನೋಡಿದರೂ ಸಂಪು, ಸಿಂಟೆಕ್ಸ್, ಡ್ರಮ್ಮು. ನೀರು ಹಿಡಿದಿಡೋದು ನಮಗೆ ಅನಿವಾರ್ಯ.

ಹಿಡಿದಿಟ್ಟ ನೀರಲ್ಲಿ ಮೂರು ಕೆಲಸ ನಡೆಯುತ್ತೆ.

ಮೊದಲನೆಯದು, ಕ್ಲೋರಿನ್ ಖಾಲಿಯಾಗುತ್ತೆ. ಸರಬರಾಜಿನ ನೀರಲ್ಲಿ ಕ್ಲೋರಿನ್ ಇದ್ದರೂ ಬಿಸಿಲು, ಕೆಸರು, ದಿನ ಕಳೆದದ್ದು ಎಲ್ಲ ಸೇರಿ ಅದನ್ನ ತಿಂದುಹಾಕುತ್ತೆ. ನಮ್ಮದೇ ಬೋರ್ ನೀರಿನಲ್ಲಂತೂ ಮೊದಲೇ ಕ್ಲೋರಿನ್ ಇರಲ್ಲ.

ಎರಡನೆಯದು, ನೀರು ಬೆಚ್ಚಗಾಗುತ್ತೆ. ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈಗೆ ಬಿಸಿ ತಾಗುತ್ತಲ್ಲ, ಆ ಬೆಚ್ಚಗಿನ ನೀರು ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಹಿತ.

ಮೂರನೆಯದು, ಲೋಳೆ ಕಟ್ಟುತ್ತೆ. ಟ್ಯಾಂಕಿನ ಗೋಡೆ ಮೇಲೆ ಬೆರಳಾಡಿಸಿ ನೋಡಿ, ಜಾರುತ್ತೆ. ಅದು ಬರೀ ಪಾಚಿ ಅಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಕಟ್ಟಿಕೊಳ್ಳೋ ಅಂಟು, ಬಯೋಫಿಲ್ಮ್ ಅಂತಾರೆ. ಈ ಅಂಟಿನ ಒಳಗಿರೋ ಬ್ಯಾಕ್ಟೀರಿಯಾಗೆ ಕ್ಲೋರಿನ್ ಸುಲಭವಾಗಿ ತಟ್ಟೋದಿಲ್ಲ. ನಮ್ಮ ಬೋರ್ ನೀರು ಗಡಸು, ಪೈಪಿನೊಳಗೆ ಬಿಳಿ ಉಪ್ಪು ಕಟ್ಟುತ್ತೆ. ಆ ಒರಟು ಉಪ್ಪೇ ಲೋಳೆಗೆ ಗಟ್ಟಿ ನೆಲೆ. ಅದಕ್ಕೇ ಹೇಳೋದು, ತೊಳೆಯದೆ ಬರೀ ಬ್ಲೀಚಿಂಗ್ ಪೌಡರ್ ಸುರಿದರೆ ಅರ್ಧ ಕೆಲಸ.

ಹೊಲಸು ಒಳಗೆ ಬರೋ ದಾರಿಗಳು

ಟ್ಯಾಂಕಿನ ಮುಚ್ಚಳ ಒಡೆದು ಕಲ್ಲು ಹೇರಿಟ್ಟಿರೋದು ಸಾಮಾನ್ಯ. ಹಲ್ಲಿ, ಹಕ್ಕಿ ಹಿಕ್ಕೆ, ಧೂಳು ಎಲ್ಲ ಅಲ್ಲಿಂದಲೇ. ಓವರ್‌ಫ್ಲೋ ಪೈಪಿಗೆ ಜಾಲರಿ ಇರಲ್ಲ, ಇಲಿಗೆ ಅದೇ ಬಾಗಿಲು.

ಸಂಪಿನ ಬಾಯಿ ಅಂಗಳದ ಮಟ್ಟಕ್ಕೇ ಇದ್ದರೆ ಮಳೆ ನೀರು, ಗಂಜಲ, ಬಚ್ಚಲ ನೀರು ಹರಿದು ಒಳಗೆ ಹೋಗುತ್ತೆ. ಒಂದಡಿಯಾದರೂ ಕಟ್ಟೆ ಎತ್ತರಿಸಿ. ತಿಪ್ಪೆ, ಶೌಚದ ಗುಂಡಿ ಸಂಪಿನಿಂದ, ಬೋರ್‌ನಿಂದ ಕನಿಷ್ಠ 50 ಅಡಿ ದೂರ ಇರಲಿ.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ನಲ್ಲಿ ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರಲ್ಲ. ಪೈಪು ಒಡೆದ ಜಾಗದಲ್ಲಿ ಪಕ್ಕದ ಚರಂಡಿ ನೀರು ಒಳಗೆ ಇಳಿಯುತ್ತೆ. ಮೇಲಿಂದ ನಾವು ನೀರು ಸಾಲದು ಅಂತ ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆದರೆ ಚರಂಡಿಯನ್ನೇ ಎಳೆದ ಹಾಗೆ. ಎಳೆದವರ ಮನೆಗೆ ಮಾತ್ರ ಅಲ್ಲ, ಇಡೀ ಬೀದಿಗೆ ಅದು ಹೋಗುತ್ತೆ. ನಲ್ಲಿ ನೀರು ಬಂದಾಗ ಮೊದಲ ಕೆಲವು ನಿಮಿಷದ ನೀರನ್ನ ಗಿಡಕ್ಕೆ ಬಿಡಿ, ತಿಳಿಯಾದ ಮೇಲೆ ಸಂಪಿಗೆ ಬಿಡಿ.

ಆರ್‌ಒ ನೀರಿಗೆ ಕಾವಲಿಲ್ಲ

ನಮ್ಮ ಜಿಲ್ಲೆ ಫ್ಲೋರೈಡ್ ಜಿಲ್ಲೆ. ಅದಕ್ಕೇ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕುದಿಸಿದರೂ ಫ್ಲೋರೈಡ್ ಹೋಗಲ್ಲ, ಬ್ಲೀಚಿಂಗ್ ಹಾಕಿದರೂ ಹೋಗಲ್ಲ, ಹಾಗಾಗಿ ಘಟಕದ ನೀರು ತರಬೇಕಾದ್ದೇ. ಆದರೆ ಆರ್‌ಒ ಪ್ರಕ್ರಿಯೆಯಲ್ಲಿ ಕ್ಲೋರಿನ್ ಕೂಡ ಹೋಗಿಬಿಡುತ್ತೆ. ಅಂದರೆ ಆ ನೀರು ಶುದ್ಧ, ಆದರೆ ಕಾವಲಿಲ್ಲದ ನೀರು. ಅದನ್ನ ಒಳಗೆ ಲೋಳೆ ಕಟ್ಟಿದ ಕ್ಯಾನ್‌ಗೆ ತುಂಬಿ ನಾಲ್ಕು ದಿನ ಇಟ್ಟರೆ ಶುದ್ಧ ಮಾಡಿದ್ದೆಲ್ಲ ವ್ಯರ್ಥ. ಕ್ಯಾನ್ ಪ್ರತಿ ವಾರ ಬಿಸಿ ನೀರು, ಸೋಪು, ಉದ್ದ ಬ್ರಷ್ ಹಾಕಿ ತೊಳೆದು ಒಣಗಿಸಿ. ಒಂದೆರಡು ದಿನಕ್ಕಾಗೋಷ್ಟು ಮಾತ್ರ ತನ್ನಿ. ಲೋಟ ಅದ್ದಬೇಡಿ, ನಲ್ಲಿ ಇರೋ ಪಾತ್ರೆ ಇಟ್ಟುಕೊಳ್ಳಿ.

ತೊಳೆಯೋ ವಿಧಾನ

ವರ್ಷಕ್ಕೆ ಎರಡು ಸಲ ತೊಳೆಯಲೇಬೇಕು. ಮುಂಗಾರಿಗೆ ಮೊದಲು ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ. ಆಗೋದಾದರೆ ಮೂರು ತಿಂಗಳಿಗೊಮ್ಮೆ.

1. ಮೋಟರ್ ಸ್ವಿಚ್ ಅಲ್ಲ, ಮೇನ್ ಆಫ್ ಮಾಡಿ. ನೀರು ಖಾಲಿ ಮಾಡಿ.

2. ಗೋಡೆ, ತಳ, ಮುಚ್ಚಳದ ಒಳಮೈ ಎಲ್ಲ ಬ್ರಷ್‌ನಿಂದ ಉಜ್ಜಿ. ಲೋಳೆ ಕೈಗೆ ಜಾರಬಾರದು, ಅಲ್ಲಿವರೆಗೆ ಉಜ್ಜಿ. ಕೆಸರು ನೀರನ್ನ ಮನೆ ಪೈಪಿಗೆ ಬಿಡಬೇಡಿ, ತಳದ ವಾಲ್ವ್‌ನಿಂದ ಹೊರಗೆ ಬಿಡಿ.

3. ಅರ್ಧ ನೀರು ತುಂಬಿ. 1,000 ಲೀಟರ್ ಟ್ಯಾಂಕಾದರೆ 200 ಗ್ರಾಂ, 500 ಲೀಟರ್ ಆದರೆ 100 ಗ್ರಾಂ ಬ್ಲೀಚಿಂಗ್ ಪೌಡರನ್ನ ಪ್ಲಾಸ್ಟಿಕ್ ಬಕೆಟ್ಟಿನ ನೀರಲ್ಲಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಸುರಿದು, ಪೂರ್ತಿ ತುಂಬಿ.

4. ಈಗ ಮನೆಯ ಪ್ರತಿ ನಲ್ಲಿಯನ್ನೂ ಬ್ಲೀಚಿಂಗ್ ವಾಸನೆ ಬರೋವರೆಗೆ ತಿರುಗಿಸಿ, ನಿಲ್ಲಿಸಿ. ಹೀಗೆ ಮಾಡಿದರೆ ಔಷಧಿ ಪೈಪಿನೊಳಗೂ ಹೋಗುತ್ತೆ. ಹಿತ್ತಲ ನಲ್ಲಿ, ಯಾರೂ ಬಳಸದ ಬಚ್ಚಲ ನಲ್ಲಿ ಬಿಡಬೇಡಿ.

5. ರಾತ್ರಿಯಿಡೀ ಬಿಡಿ. ಆ ನೀರನ್ನ ಮನುಷ್ಯರು, ದನ ಯಾರೂ ಕುಡಿಯಬಾರದು. ಬೆಳಗ್ಗೆ ಎಲ್ಲ ನಲ್ಲಿಯಿಂದಲೂ ಹೊರಗೆ ಬಿಟ್ಟು, ಹೊಸ ನೀರು ತುಂಬಿ, ವಾಸನೆ ಹೋಗೋವರೆಗೆ ಇನ್ನೊಮ್ಮೆ ಹರಿಸಿ. ಆ ನೀರು ಮೀನಿನ ಹೊಂಡಕ್ಕೆ, ಸಸಿಮಡಿಗೆ ಹೋಗದ ಹಾಗೆ ನೋಡಿಕೊಳ್ಳಿ.

ದಿನಬಳಕೆಗೆ ಪ್ರಮಾಣ ಬಹಳ ಕಡಿಮೆ. 1,000 ಲೀಟರಿಗೆ ಸುಮಾರು 4 ಗ್ರಾಂ, ಅದೂ ತಿಳಿ ಮಾಡಿ ಹಾಕಬೇಕು. ಹಾಕಿ ಅರ್ಧ ಗಂಟೆ ಆದ ಮೇಲೆ ಬಳಸಿ. ನೀರು ಕೆಂಪಗೆ, ಕದಡಿದ ಹಾಗಿದ್ದರೆ ಮೊದಲು ತಿಳಿಯಾಗೋಕೆ ಬಿಡಿ, ಇಲ್ಲಾಂದ್ರೆ ಕ್ಲೋರಿನ್ ಎಲ್ಲ ಮಣ್ಣಿಗೇ ಖರ್ಚಾಗುತ್ತೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿ ನೀರಲ್ಲಿ ಒಂದೂ ಇ. ಕೊಲೈ ಬ್ಯಾಕ್ಟೀರಿಯಾ ಇರಬಾರದು.

ಬ್ಲೀಚಿಂಗ್ ಪೌಡರ್ ಹೊಸದಾಗಿರಲಿ. ಮೇಲೆ ಹೇಳಿದ ಲೆಕ್ಕ 25ರಷ್ಟು ಶೇಕಡಾ ಕ್ಲೋರಿನ್ ಇರೋ ಪುಡಿಗೆ. ಬಾಯಿ ತೆರೆದಿಟ್ಟ, ಉಂಡೆ ಕಟ್ಟಿದ, ಘಾಟು ಇಲ್ಲದ ಪುಡಿ ಬರೀ ಸುಣ್ಣ ಅಂತ ತಿಳಿಯಿರಿ.

ಜೀವಕ್ಕೆ ಅಪಾಯವಾಗೋ ಎರಡು ಕೆಲಸ

ಡ್ರಿಪ್ ಪೈಪ್ ತೊಳೆಯೋಕೆ ತಂದ ಆಸಿಡ್ ಮನೆಯಲ್ಲಿರುತ್ತೆ. ಉಪ್ಪು ಹೋಗಲಿ ಅಂತ ಅದನ್ನ ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಬೆರೆಸಬೇಡಿ. ಆ ಕ್ಷಣವೇ ಕ್ಲೋರಿನ್ ಅನಿಲ ಏಳುತ್ತೆ, ಅದು ಶ್ವಾಸಕೋಶ ಸುಡೋ ವಿಷ. ಬಕೆಟ್, ಮಗ್ ಕೂಡ ಬೇರೆ ಬೇರೆ ಇರಲಿ.

ಇನ್ನೊಂದು, ಬಹಳ ದಿನ ಮುಚ್ಚಿದ ಸಂಪಿಗೆ ಒಬ್ಬರೇ ಇಳಿಯಬೇಡಿ. ಒಳಗೆ ಉಸಿರಾಡೋ ಗಾಳಿಯೇ ಇಲ್ಲದಿರಬಹುದು. ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಡಿ, ಫ್ಯಾನ್ ಇಟ್ಟು ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಲಿ. ಒಳಗಿದ್ದವರು ಬಿದ್ದರೆ ಹಿಂದೆಯೇ ಹಾರಬೇಡಿ, ಹಗ್ಗ ಎಳೆಯಿರಿ.

ಸೋಲಾರ್, ಗೀಸರ್ ನೀರು

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಬಂದ ಮಾಜಿ ಸೈನಿಕರು ನ್ಯುಮೋನಿಯಾದಂಥ ಕಾಯಿಲೆಯಿಂದ ಸತ್ತರು. ಕಾರಣವಾದ ಬ್ಯಾಕ್ಟೀರಿಯಾಗೆ ಆಮೇಲೆ ಲೀಜನೆಲ್ಲಾ ಅಂತ ಹೆಸರಾಯಿತು. ಇದು ಸಾಮಾನ್ಯವಾಗಿ ಕುಡಿಯೋದರಿಂದ ಬರೋದಲ್ಲ, ಶವರ್, ಕೂಲಿಂಗ್ ಟವರ್, ಫಾಗರ್‌ನಂಥ ಕಡೆ ಹಾರೋ ಸಣ್ಣ ಹನಿಗಳನ್ನ ಉಸಿರಾಡೋದರಿಂದ ಬರೋದು. 20ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಬ್ಬ, 60 ದಾಟಿದರೆ ಸಾಯುತ್ತೆ.

ಮೋಡದ ದಿನಗಳಲ್ಲಿ ಸೋಲಾರ್ ನೀರು ಉಗುರುಬೆಚ್ಚಗೆ ಉಳಿಯುತ್ತಲ್ಲ, ಆಗ ಹುಷಾರಾಗಿರಬೇಕು. ಗೀಸರನ್ನ 60 ಡಿಗ್ರಿಗೆ ಇಡಿ, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಬಳಸಿ, ಮಕ್ಕಳ ಕೈಗೆ ಸಿಗದಿರಲಿ. ವಾರಗಟ್ಟಲೆ ಬಳಸದ ಶವರನ್ನ ಮೊದಲು ಐದು ನಿಮಿಷ ಹರಿಸಿ, ಆಗ ನೀವು ಹೊರಗಿರಿ. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ.

ಕೊಟ್ಟಿಗೆ, ಕೋಳಿ ಶೆಡ್

ಹಾಲಿನ ಕ್ಯಾನನ್ನ ನಾವು ತೊಳೆಯೋದು ಇದೇ ಟ್ಯಾಂಕ್ ನೀರಲ್ಲಿ. ಬೆಚ್ಚಗಿನ ಹಾಲು ಬ್ಯಾಕ್ಟೀರಿಯಾಗೆ ಊಟದ ಮನೆ. ಅನುಕೂಲ ಸಿಕ್ಕರೆ ಇ. ಕೊಲೈ ಇಪ್ಪತ್ತು ನಿಮಿಷಕ್ಕೆ ಎರಡು ಪಟ್ಟಾಗುತ್ತೆ. ಆ ವೇಗದಲ್ಲಿ ಒಂದೇ ಒಂದು ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತೆ. ಡೇರಿಯಲ್ಲಿ ಹಾಲು ಒಡೆಯಿತು ಅಂತ ವಾಪಸ್ ಬಂದಾಗ ಹಸುವನ್ನ, ಮೇವನ್ನ ದೂರೋ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ.

ಕೋಳಿ ಸಾಕುವವರು ನಿಪ್ಪಲ್ ಲೈನಿಗೆ ಬೆಲ್ಲದ ನೀರು, ವಿಟಮಿನ್ ಬಿಟ್ಟಾಗ ಲೋಳೆಗೂ ಊಟ ಸಿಕ್ಕ ಹಾಗೆ. ಬಿಟ್ಟ ದಿನವೇ ಸಾದಾ ನೀರಲ್ಲಿ ಜೋರಾಗಿ ಲೈನ್ ತೊಳೆಯಿರಿ. ಬ್ಯಾಚ್ ಮುಗಿದಾಗ ಶೆಡ್ ಖಾಲಿ ಇರುತ್ತಲ್ಲ, ಲೈನನ್ನ ಪೂರ್ತಿ ಸೋಂಕುಮುಕ್ತ ಮಾಡೋಕೆ ಅದೇ ಸರಿಯಾದ ಸಮಯ. ಲಸಿಕೆಯನ್ನ ನೀರಲ್ಲಿ ಕೊಡೋ ದಿನ ಮಾತ್ರ ಕ್ಲೋರಿನ್ ಬೇಡ, ಲಸಿಕೆ ಕೆಡುತ್ತೆ.

ಪರೀಕ್ಷೆ ಮಾಡಿಸೋದು, ಪಂಚಾಯಿತಿಯನ್ನ ಕೇಳೋದು

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯಲ್ಲೇ ನೀರು ಪರೀಕ್ಷೆ ಮಾಡೋ ಕಿಟ್ ಬಳಸ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ, ಆ ನೀರಿಗೆ ಮಲದ ಸಂಪರ್ಕ ಆಗಿದೆ ಅನ್ನೋ ಅನುಮಾನ ಗಟ್ಟಿ. ಆಗ ಪ್ರಯೋಗಾಲಯಕ್ಕೆ ಕೊಡಿ. ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಹಿಡಿಯಬೇಡಿ, ಪ್ರಯೋಗಾಲಯದವರೇ ಕೊಡೋ ಸೋಂಕುರಹಿತ ಬಾಟಲಿಯಲ್ಲಿ ಹಿಡಿದು, ತಣ್ಣಗಿಟ್ಟು, ಅದೇ ದಿನ ತಲುಪಿಸಿ.

ಊರಿನ ದೊಡ್ಡ ಟ್ಯಾಂಕ್ ತೊಳೆದ ದಿನಾಂಕವನ್ನ ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸಿ ಅಂತ ಗ್ರಾಮಸಭೆಯಲ್ಲಿ ಕೇಳಿ. ನೀರಗಂಟಿ ಅಣ್ಣನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಅವರ ಕೈಗೆ ಬ್ಲೀಚಿಂಗ್ ಪೌಡರ್, ಏಣಿ, ಜೊತೆಗೊಬ್ಬ ಆಳು ಕೊಟ್ಟಿದ್ದಾರಾ ಅಂತ ಕೇಳಿ. ಪೈಪ್ ಒಡೆದು ಚರಂಡಿ ಪಕ್ಕ ನೀರು ಸೋರ್ತಿದ್ದರೆ ಫೋಟೋ ತೆಗೆದು, ಜಾಗ, ದಿನಾಂಕ ಬರೆದು ಪಿಡಿಓ ಅವರಿಗೆ ಕಳಿಸಿ, ಅರ್ಜಿಯನ್ನೂ ಕೊಡಿ. ಕವಾಡಿಗರಹಟ್ಟಿ ಆದ ಮೇಲೆ ಇದು ಸಣ್ಣ ದೂರು ಅಂತ ಯಾರೂ ಹೇಳೋ ಹಾಗಿಲ್ಲ.

ನಿಮ್ಮ ಮನೆ ಟ್ಯಾಂಕಿಗೆ ಮಾತ್ರ ಯಾವ ಇಲಾಖೆಯವರೂ ಬರಲ್ಲ. ಈ ಭಾನುವಾರ ಮೇಲೆ ಹತ್ತಿ ಮುಚ್ಚಳ ತೆಗೆಯಿರಿ, ಫೋನಿನ ಟಾರ್ಚ್ ಹಾಕಿ ತಳ ನೋಡಿ. ತೊಳೆದ ಮೇಲೆ ದಿನಾಂಕವನ್ನ ಟ್ಯಾಂಕಿನ ಮೇಲೆಯೇ ಬರೆದು, ಆರು ತಿಂಗಳಿಗೆ ಫೋನಿನಲ್ಲಿ ರಿಮೈಂಡರ್ ಇಟ್ಟುಬಿಡಿ.