ತಗಡು ಮಡಚಿದ್ರೆ 40 + 30 ಯಾಕೆ 70 ಆಗಲ್ಲ?

ಇವತ್ತಿನ ಎಪಿಸೋಡ್, ರೋಬೋಕಾನ್ ಥರದ ಸ್ಪರ್ಧೆಗೆ ರೋಬೋ ಕಟ್ತಿರೋ ಕಾಲೇಜ್ ಟೀಮ್‌ಗಳಿಗೆ. ಮೋಟಾರ್, ಕೋಡಿಂಗ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆ ಮೋಟಾರನ್ನ ಫ್ರೇಮಿಗೆ ಹಿಡಿದಿಡೋ ಎಲ್ ಆಕಾರದ ತಗಡಿನ ಬ್ರಾಕೆಟ್ ಬಗ್ಗೆ ಯಾರೂ ಮಾತಾಡಲ್ಲ. ಆದ್ರೆ ಅದರ ರಂಧ್ರ ಎರಡು ಮೂರು ಎಂಎಂ ಆಚೀಚೆ ಆದ್ರೆ ಬೋಲ್ಟ್ ಕೂರಲ್ಲ, ಗೇರ್ ಸರಿಯಾಗಿ ಕಚ್ಚಲ್ಲ. ಸ್ಪರ್ಧೆಗೆ ವಾರ ಇರುವಾಗ ಮತ್ತೆ ಲೇಸರ್ ಕಟಿಂಗ್‌ಗೆ ಪೀಣ್ಯಕ್ಕೆ ಓಡಬೇಕು. ದುಡ್ಡೂ ಹೋಯ್ತು, ದಿನಾನೂ ಹೋಯ್ತು.

ನಾನು ಓದಿದ್ದು ಬಿಕಾಂ. ನಮ್ಮ ಲೆಕ್ಕದಲ್ಲಿ 40 ಪ್ಲಸ್ 30 ಅಂದ್ರೆ 70. ತಗಡಿನ ಲೆಕ್ಕ ಬೇರೆ. ಮಡಚುವಾಗ ತಗಡಿನ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ. ನಡುವೆ ಒಂದು ಪದರ ಮಾತ್ರ ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ಆ ಪದರ ಒಳಮೈಯಿಂದ ಎಷ್ಟು ದೂರದಲ್ಲಿದೆ ಅನ್ನೋದನ್ನ ದಪ್ಪದ ಭಾಗವಾಗಿ ಹೇಳೋ ಸಂಖ್ಯೆಗೆ ಕೆ ಫ್ಯಾಕ್ಟರ್ ಅಂತಾರೆ.

ಒಂದು ಉದಾಹರಣೆ ನೋಡೋಣ. 2 ಎಂಎಂ ಅಲ್ಯೂಮಿನಿಯಂ, ಒಳಗಿನ ತ್ರಿಜ್ಯ 2 ಎಂಎಂ, 90 ಡಿಗ್ರಿ ಮಡಿಕೆ, ಹೊರಗಿನಿಂದ ಅಳೆದ್ರೆ ಒಂದು ಕಾಲು 40, ಇನ್ನೊಂದು 30. ಮೂಲೆಗೆ ಎರಡೂ ಕಡೆ 4 ಎಂಎಂ ಬಿಟ್ಟರೆ ನೇರ ಭಾಗ 36 ಮತ್ತು 26, ಒಟ್ಟು 62. ಕೆ ಫ್ಯಾಕ್ಟರ್ 0.4 ಅಂದುಕೊಂಡ್ರೆ ಮಡಿಕೆಯ ಉದ್ದ 1.57 × (2 + 0.8), ಅಂದ್ರೆ ಸುಮಾರು 4.4. ಹಾಗಾಗಿ ಕತ್ತರಿಸಬೇಕಾದ ಉದ್ದ 66.4. ಕಣ್ಣುಮುಚ್ಚಿ 70 ಕೊಟ್ರೆ 3.6 ಎಂಎಂ ಹೆಚ್ಚಾಗಿ ಬರುತ್ತೆ.

ಆದ್ರೆ ಈ 0.4 ಎಲ್ಲ ಕಡೆ ಒಂದೇ ಅಲ್ಲ. ಲೋಹ, ದಪ್ಪ, ಅಂಗಡಿಯ ಡೈ, ಎಲ್ಲದರ ಮೇಲೂ ಅದು ಬದಲಾಗುತ್ತೆ. ಅದಕ್ಕೇ ಮೊದಲು ಅದೇ ತಗಡಿನಲ್ಲಿ 100 ಎಂಎಂ ಪಟ್ಟಿ ಕತ್ತರಿಸಿ, ಅದೇ ಮಷಿನ್‌ನಲ್ಲಿ ಮಡಚಿಸಿ. ಎರಡು ಕಾಲನ್ನೂ ಹೊರಗಿನಿಂದ ಅಳೆದು ಕೂಡಿಸಿ. 103.6 ಬಂತಾ? ಹಾಗಾದ್ರೆ ಪ್ರತಿ 90 ಡಿಗ್ರಿ ಮಡಿಕೆಗೆ 3.6 ಕಳೀರಿ. ಸಾಫ್ಟ್‌ವೇರ್‌ಗೂ ಇದನ್ನೇ ಕೊಡಿ.

ಇನ್ನು ಮೂರು ಮಾತು. ಒಂದು, ರಂಧ್ರವನ್ನ ಮಡಿಕೆಗೆ ಅಂಟಿಸಿ ಇಡಬೇಡಿ, ಮಡಚುವಾಗ ಅದು ಎಳೆದು ಮೊಟ್ಟೆ ಆಕಾರ ಆಗುತ್ತೆ. ರಂಧ್ರದ ಅಂಚಿಗೂ ಮಡಿಕೆ ಶುರುವಾಗೋ ಗೆರೆಗೂ ನಡುವೆ ಕನಿಷ್ಠ ದಪ್ಪದ ಎರಡು ಪಟ್ಟು ಪ್ಲಸ್ ತ್ರಿಜ್ಯ, ನಮ್ಮ ಉದಾಹರಣೆಗೆ 6 ಎಂಎಂ, ಜಾಗ ಬಿಡಿ. ಎರಡು, ಕಾಲು ತೀರಾ ಗಿಡ್ಡ ಆದ್ರೆ ಪ್ರೆಸ್ ಬ್ರೇಕ್‌ನ ಡೈ ಮೇಲೆ ನಿಲ್ಲೋದೇ ಇಲ್ಲ. ಎಷ್ಟು ಬೇಕು ಅಂತ ಆಪರೇಟರ್ ಅಣ್ಣನನ್ನೇ ಕೇಳಿ. ಮೂರು, ಅಲ್ಯೂಮಿನಿಯಂ ಅಂದ್ರೆ ಎಲ್ಲ ಒಂದೇ ಅಲ್ಲ. 6061 ಟಿ6 ಗಟ್ಟಿ, ಆದ್ರೆ ಬಿಗಿಯಾಗಿ ಮಡಚಿದ್ರೆ ಬಿರುಕು ಬಿಡುತ್ತೆ. ಮಡಚೋ ಬ್ರಾಕೆಟ್‌ಗೆ 5052 ಒಳ್ಳೇದು.

ಬ್ರಾಕೆಟ್ ಅಲುಗಾಡುತ್ತೆ ಅಂತ ತಕ್ಷಣ ದಪ್ಪ ತಗಡಿಗೆ ಹೋಗಬೇಡಿ, ರೋಬೋ ತೂಕ ಏರುತ್ತೆ. ಅಂಚನ್ನ ಒಂದು ಸಲ ಮಡಚಿ ನೋಡಿ, ಅದೇ ತಗಡು ಎಷ್ಟೋ ಗಟ್ಟಿಯಾಗುತ್ತೆ. ಫೈಲ್ ಕಳಿಸೋ ಮುಂಚೆ ರಟ್ಟಿನಲ್ಲಿ ಒಂದು ಬ್ರಾಕೆಟ್ ಕತ್ತರಿಸಿ, ಮೋಟಾರ್ ಹಿಡಿದು ನೋಡಿ. ಬೋಲ್ಟ್ ಬಿಗಿ ಮಾಡೋಕೆ ಸ್ಪ್ಯಾನರ್‌ಗೆ ಜಾಗ ಇದೆಯಾ ಅನ್ನೋದೂ ಆಗಲೇ ಗೊತ್ತಾಗುತ್ತೆ.